ಕೆಎ ಕಾರು ಕೆಎಲ್ ಆದ ಕತೆ

ಮಂಗಳೂರಿನ ಕೆಲಸ ಬಿಟ್ಟು ಗಡಿಯ ಈಚೆ ಕೇರಳದ ಮಂಜೇಶ್ವರ ತಾಲೂಕಿನ ನಮ್ಮ ಮನೆಗೆ ವಾಪಸ್ ಬಂದಾಗ ಜೊತೆಗೆ ನನ್ನ ಕಾರೂ ಬಂತು. ಮಂಗಳೂರಿನಲ್ಲೇ ಕೊಂಡದ್ದು, ನಂಬರ್ ಪ್ಲೇಟಿನಲ್ಲಿ ಕೆಎ. ನಮ್ಮ ಕಡೆ ಇದೇನೂ ಹೊಸದಲ್ಲ. ಹೊಸಂಗಡಿ, ಉಪ್ಪಳ, ಪೈವಳಿಕೆ ಎಲ್ಲೇ ನಿಂತು ನೋಡಿ, ಕೆಎಲ್ ಗಾಡಿಗಳ ನಡುವೆ ಕೆಎ ಗಾಡಿಗಳು ಓಡಾಡುತ್ತಲೇ ಇರುತ್ತವೆ. ಆಸ್ಪತ್ರೆಗೆ ದೇರಳಕಟ್ಟೆ, ಮದುವೆ ಬಟ್ಟೆಗೆ ಮಂಗಳೂರು, ಅಡಿಕೆ ಮಾರಲು ವಿಟ್ಲ, ಪುತ್ತೂರು ಎಂದು ಹೋಗಿ ಬರುವ ಜನ ನಾವು.

"ಸುಮ್ನೆ ಇರಿ ಮಾರಾಯ್ರೆ, ಯಾರು ಕೇಳ್ತಾರೆ?" ಅಂದವರೇ ಜಾಸ್ತಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಕೇಳುತ್ತದೆ. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ತೆರಿಗೆಯ ಗಡುವು ಬೇರೆ. ಅದನ್ನು ಆಯಾ ರಾಜ್ಯ ತನ್ನ ಕಾನೂನಿನಲ್ಲಿ ತಾನೇ ಬರೆದುಕೊಳ್ಳುತ್ತದೆ. ನಾನು ಇನ್ನು ಮಂಗಳೂರಿಗೆ ಮರಳುವವನಲ್ಲ. ಕಾರು ಇಲ್ಲೇ ಇರುತ್ತದೆ. ಹಾಗಾಗಿ ನಂಬರ್ ಬದಲಿಸಿಯೇ ಬಿಡೋಣ ಎಂದು ಹೊರಟೆ.

ಕೇರಳ ಪಿಎಸ್‌ಸಿಯಲ್ಲಿ ಕನ್ನಡ ಬಲ್ಲವರ ಹುದ್ದೆಗೆ ಓದುತ್ತಿದ್ದ ಕಾಲದಲ್ಲಿ ಸಂವಿಧಾನದ ಏಳನೇ ಅನುಸೂಚಿಯನ್ನು ಬಾಯಿಪಾಠ ಮಾಡಿದ್ದೆ. ಯಾವ ವಿಷಯಕ್ಕೆ ಕೇಂದ್ರ ಕಾನೂನು ಮಾಡಬೇಕು, ಯಾವುದಕ್ಕೆ ರಾಜ್ಯ, ಯಾವುದಕ್ಕೆ ಇಬ್ಬರೂ ಎಂದು ಹಂಚಿಕೊಟ್ಟ ಪಟ್ಟಿಗಳು ಅವು. ಮೂಲದಲ್ಲಿ ಕೇಂದ್ರ ಪಟ್ಟಿಯಲ್ಲಿ 97 ವಿಷಯ, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47. ಹುದ್ದೆ ಸಿಗಲಿಲ್ಲ, ಪಟ್ಟಿ ತಲೆಯಲ್ಲಿ ಉಳಿಯಿತು. ಅದು ಕಾರಿನ ಕಡತ ಹಿಡಿದು ಓಡಾಡುವಾಗ ನೆನಪಿಗೆ ಬರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ವಾಹನದ ಕಾನೂನು ಸಮವರ್ತಿ ಪಟ್ಟಿಯ 35ನೇ ವಿಷಯ. ಅಂದರೆ ಸಂಸತ್ತೂ ಕಾನೂನು ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಎರಡೂ ಡಿಕ್ಕಿ ಹೊಡೆದರೆ 254ನೇ ವಿಧಿಯ ಪ್ರಕಾರ ಸಾಮಾನ್ಯವಾಗಿ ಸಂಸತ್ತಿನದ್ದೇ ಗೆಲ್ಲುತ್ತದೆ. ರಾಜ್ಯದ ಕಾನೂನಿಗೆ ರಾಷ್ಟ್ರಪತಿಯ ಒಪ್ಪಿಗೆ ಸಿಕ್ಕಿದ್ದರೆ ಆ ರಾಜ್ಯದ ಮಟ್ಟಿಗೆ ಅದು ನಡೆಯುತ್ತದೆ. ಆದರೆ ವಾಹನದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 57ನೇ ವಿಷಯ. ತೆರಿಗೆ ಯಾವ ತತ್ವದ ಮೇಲೆ ಇರಬೇಕು ಎಂದು ಸಂಸತ್ತು ಹೇಳಬಹುದು, ಎಷ್ಟು ಎಂದು ಹೇಳುವುದು ರಾಜ್ಯ. ಕರ್ನಾಟಕಕ್ಕೆ 1957ರ ತೆರಿಗೆ ಕಾಯ್ದೆ ಉಂಟು, ಕೇರಳಕ್ಕೆ 1976ರದ್ದು. ನನ್ನ ಕತೆಯಲ್ಲಿ ಸಿಕ್ಕಾದದ್ದೆಲ್ಲ ಈ ಎರಡು ವಿಷಯಗಳ ನಡುವೆ.

ಮೊದಲ ಕೆಲಸ ಕರ್ನಾಟಕದಿಂದ ಎನ್‌ಒಸಿ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆಕ್ಷೇಪ ಇಲ್ಲ ಎಂಬ ಪತ್ರ ತರುವುದು. ಕಾರಿಗೆ ಬ್ಯಾಂಕ್ ಸಾಲ ಇತ್ತು. ಸಾಲ ತೀರಿ ಹೋಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿತ್ತು. ಆ ಹೆಸರು ತೆಗೆಸುವುದಕ್ಕೆ ಆರ್‌ಟಿಒ ಭಾಷೆಯಲ್ಲಿ ಎಚ್‌ಪಿ ತೆಗೆಸುವುದು ಅನ್ನುತ್ತಾರೆ. ಬ್ಯಾಂಕಿನವರು ಫಾರಂ 35ಕ್ಕೆ ಸಹಿ ಹಾಕಿ ಕೊಟ್ಟರು. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು, ಹೊಗೆ ಸರ್ಟಿಫಿಕೇಟ್ ಹೊಸದಾಗಿ ಮಾಡಿಸಿದೆ. ಬ್ಯಾಂಕು ಕೇಂದ್ರ ಪಟ್ಟಿಯ 45, ಇನ್ಶೂರೆನ್ಸ್ 47. ಪಿಎಸ್‌ಸಿಗೆ ಓದಿದವನ ಚಟ ನೋಡಿ, ಒಂದೊಂದು ಕಾಗದಕ್ಕೂ ಮನಸ್ಸಿನಲ್ಲೇ ನಂಬರ್ ಹಾಕುತ್ತಾ ಹೋದೆ.

ಅರ್ಜಿ ಆನ್‌ಲೈನ್. ಪರಿವಾಹನ್ ಪೋರ್ಟಲ್ ಕೇಂದ್ರದ್ದು, ಇಡೀ ದೇಶಕ್ಕೆ ಒಂದೇ. ಫಾರಂ 28 ಕೂಡ ಒಂದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇರುವ ಫಾರಂ ಅದು, ಕಾಶ್ಮೀರದವನಿಗೂ ಅದೇ, ಪೈವಳಿಕೆಯವನಿಗೂ ಅದೇ. ಆಧಾರ್ ಒಟಿಪಿ ಹಾಕಿ, ಶುಲ್ಕ ಕಟ್ಟಿ, ಪ್ರಿಂಟ್ ತೆಗೆದು, ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಅಂಟಿಸಿ ಆರ್‌ಟಿಒ ಕಚೇರಿಗೆ ಕೊಡಬೇಕು. ಆಧಾರ್ ಒಟಿಪಿಯ ಕಾಲದಲ್ಲೂ ಆ ಪೆನ್ಸಿಲ್ ಅಚ್ಚಿಗೆ ಮರ್ಯಾದೆ ಕಡಿಮೆಯಾಗಿಲ್ಲ. ಬಾನೆಟ್ ಎತ್ತಿ ಬಗ್ಗಿ ಕೂತು ಅದನ್ನು ತೆಗೆಯುವುದರಲ್ಲಿ ಬೆನ್ನು ಹಿಡಿದುಕೊಂಡಿತು.

ಕಾಯ್ದೆ ದೆಹಲಿಯದ್ದು, ಆದರೆ ಕುರ್ಚಿಯಲ್ಲಿ ಕೂತವರು ರಾಜ್ಯ ಸರ್ಕಾರದ ನೌಕರರು. ಮೋಟಾರು ವಾಹನ ಅಧಿಕಾರಿಗಳನ್ನು ನೇಮಿಸುವುದು ರಾಜ್ಯ ಎಂದು ಆ ಕಾಯ್ದೆಯ 213ನೇ ಸೆಕ್ಷನ್ನೇ ಹೇಳುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನ ಕೇಂದ್ರ ಕಾನೂನುಗಳು ನಡೆಯುವುದು ಹೀಗೆಯೇ. ಸಂಸತ್ತು ಬರೆಯುತ್ತದೆ, ರಾಜ್ಯದ ಗುಮಾಸ್ತ ಸೀಲು ಒತ್ತುತ್ತಾನೆ. ಹಾಗಾಗಿ ಒಂದೇ ಕಾನೂನು ಗಡಿಯ ತಲಪಾಡಿಯ ಆಚೆ ಒಂದು ವೇಗದಲ್ಲಿ, ಈಚೆ ಇನ್ನೊಂದು ವೇಗದಲ್ಲಿ ಓಡುತ್ತದೆ.

ಎನ್‌ಒಸಿ ಕೊಡುವ ಮೊದಲು ಗಾಡಿ ಕಳವಿನದ್ದಲ್ಲ ಎಂಬ ಪೊಲೀಸ್ ವರದಿ ಬೇಕು. ಪೊಲೀಸ್ ರಾಜ್ಯ ಪಟ್ಟಿಯ 2ನೇ ವಿಷಯ. ಆದರೆ ದೇಶದ ಎಲ್ಲ ಕಳವಾದ ಗಾಡಿಗಳ ಲೆಕ್ಕ ಇರುವುದು ಕೇಂದ್ರ ಗೃಹ ಇಲಾಖೆಯ ಕೆಳಗಿನ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಎನ್‌ಸಿಆರ್‌ಬಿಯಲ್ಲಿ. ರಾಜ್ಯದ ಕಚೇರಿಗೆ ಕೇಂದ್ರದ ಪಟ್ಟಿ ನೋಡದೆ ಗತಿಯಿಲ್ಲ.

ಆಮೇಲೆ ದಂಡ. ಕಾರಿನ ನಂಬರ್ ಹಾಕಿ ನೋಡಿದಾಗ ಒಂದು ಪಾರ್ಕಿಂಗ್ ದಂಡ ಬಾಕಿ ತೋರಿಸಿತು. ಕಟ್ಟಿ ರಶೀದಿ ಹಚ್ಚಿದೆ, ಮುಗಿಯಿತು. ಇಲ್ಲೊಂದು ವಿಷಯ ಹೇಳಲೇಬೇಕು. 2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ದಂಡಗಳನ್ನು ಏಕಾಏಕಿ ಏರಿಸಿತು. ಸೆಪ್ಟೆಂಬರ್ 1ರಿಂದ ಜಾರಿ. ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ. ಜನ ಬೊಬ್ಬೆ ಹಾಕಿದರು. ಗುಜರಾತ್ ಮೊದಲು ಇಳಿಸಿತು, ಅದೂ ಕೇಂದ್ರದಲ್ಲಿದ್ದ ಪಕ್ಷವೇ ಆಳುತ್ತಿದ್ದ ರಾಜ್ಯ. ಅದೇ ತಿಂಗಳು ಕರ್ನಾಟಕವೂ ಇಳಿಸಿತು, ಮುಂದಿನ ತಿಂಗಳು ಕೇರಳವೂ. ಎರಡೂ ಕಡೆ ಹೆಲ್ಮೆಟ್ ದಂಡ 500ಕ್ಕೆ ಬಂದು ನಿಂತಿತು. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಮೊತ್ತವನ್ನು ರಾಜ್ಯ ನಿಗದಿ ಮಾಡಬಹುದು ಎಂಬ 200ನೇ ಸೆಕ್ಷನ್ನಿನ ಸಣ್ಣ ಕಿಂಡಿಯಿಂದ ರಾಜ್ಯಗಳು ನುಸುಳಿದ್ದು. ಪಕ್ಷ ಯಾವುದೇ ಇರಲಿ, ಮತದಾರನ ಎದುರು ನಿಲ್ಲುವವರು ರಾಜ್ಯದವರು, ಅಲ್ವಾ?

ಎನ್‌ಒಸಿ ಅರ್ಜಿ ಕೊಟ್ಟ 30 ದಿನದೊಳಗೆ ಕೊಡಬೇಕು ಅಥವಾ ಯಾಕಿಲ್ಲ ಎಂದು ಬರೆದು ತಿಳಿಸಬೇಕು. ಎರಡೂ ಮಾಡದಿದ್ದರೆ ಕೊಟ್ಟ ಹಾಗೆಯೇ ಲೆಕ್ಕ ಎಂದು 48ನೇ ಸೆಕ್ಷನ್ ಹೇಳುತ್ತದೆ. ಓದಲು ಚಂದ. ಕೈಯಲ್ಲಿ ಕಾಗದ ಇಲ್ಲದೆ "ಕೊಟ್ಟ ಹಾಗೆಯೇ ಲೆಕ್ಕ" ಎಂದು ಹೇಳಿಕೊಂಡು ಇನ್ನೊಂದು ರಾಜ್ಯದ ಕೌಂಟರಿನ ಎದುರು ನಿಲ್ಲುವ ಧೈರ್ಯ ನನಗಂತೂ ಇಲ್ಲ. ಅದೃಷ್ಟಕ್ಕೆ ಕಾಗದ ಆ ಗಡುವಿನೊಳಗೆ ಬಂತು.

ಎನ್‌ಒಸಿ ತೆಗೆದುಕೊಂಡು ತಲಪಾಡಿ ದಾಟಿದೆ. ಈ ತಲಪಾಡಿಯಲ್ಲಿ ಒಂದು ಗಂಟೆ ಸುಮ್ಮನೆ ನಿಂತರೆ ಸಾಕು, ಏಳನೇ ಅನುಸೂಚಿ ಕಣ್ಣೆದುರು ನಡೆಯುತ್ತದೆ. ಆಚೆ ಬದಿಯಲ್ಲಿ ಟೋಲ್ ಗೇಟು. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23, ಫಾಸ್ಟ್ಯಾಗಿನಿಂದ ಕತ್ತರಿಸುವ ದುಡ್ಡೂ ಕೇಂದ್ರದ ಲೆಕ್ಕದ್ದು. ಗೇಟಿನ ಈಚೆಗೆ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ರಸ್ತೆ. ರಸ್ತೆ ಕೇಂದ್ರದ್ದು. ಆದರೆ ಅದಕ್ಕೆ ಬೇಕಾದ ಜಾಗವನ್ನು ಜನರಿಂದ ಬಿಡಿಸಿಕೊಂಡವರು ರಾಜ್ಯದ ರೆವಿನ್ಯೂ ಅಧಿಕಾರಿಗಳು. ಅಷ್ಟೇ ಅಲ್ಲ, ಕೇರಳದಲ್ಲಿ ಜಾಗದ ಬೆಲೆ ಜಾಸ್ತಿ ಎಂದು ಕೇಂದ್ರ ಹಿಂದೆಮುಂದೆ ನೋಡಿದಾಗ ಆ ಖರ್ಚಿನ ಶೇ 25ನ್ನು ರಾಜ್ಯವೇ ಹೊತ್ತುಕೊಂಡಿತು. ಐದೂವರೆ ಸಾವಿರ ಕೋಟಿಗೂ ಮಿಕ್ಕಿದ ಹಣ ಅದು. ಪಟ್ಟಿಯಲ್ಲಿ 23 ಎಂದು ಒಂದೇ ಕಡೆ ಬರೆದಿದ್ದರೂ ನೆಲದ ಮೇಲೆ ಇಬ್ಬರೂ ಕೈ ಹಾಕಿದ ಮೇಲೆಯೇ ರಸ್ತೆ ಆದದ್ದು.

ಪೆಟ್ರೋಲ್ ಬಂಕ್ ನೋಡಿ. ಜಿಎಸ್‌ಟಿ ಬಂದರೂ ಪೆಟ್ರೋಲ್ ಅದರೊಳಗೆ ಬರಲಿಲ್ಲ. ಅಬಕಾರಿ ಸುಂಕ ಕೇಂದ್ರದ್ದು, ಎರಡೂ ಕಡೆ ಒಂದೇ. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ, ಅದು ಬೇರೆ ಬೇರೆ. ಕೇರಳ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿಸಿತು, ಪಿಂಚಣಿ ಕೊಡುವುದಕ್ಕೆ ಎಂದು. ಹಾಗಾಗಿ ನಮ್ಮ ಊರಿನವರು ಮಂಗಳೂರಿಗೆ ಹೋದವರು ಟ್ಯಾಂಕ್ ತುಂಬಿಸದೆ ಬರುವುದಿಲ್ಲ. ಲಾಟರಿಯಲ್ಲಿ ಮಾತ್ರ ದಾರಿ ಉಲ್ಟಾ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಕೇರಳ ಸರ್ಕಾರ ತಾನೇ ಲಾಟರಿ ನಡೆಸುತ್ತದೆ. ಗಡಿಯ ಈಚೆ ಕಾಲಿಟ್ಟ ಕೂಡಲೇ ಟಿಕೆಟಿನ ಮೇಜುಗಳು ಸಾಲಾಗಿ ಕಾಣುವುದು ಅದಕ್ಕೇ. ಬಸ್ಸಿನ ಕತೆ ಇನ್ನೊಂದು. ಮಂಗಳೂರಿನ ಖಾಸಗಿ ಬಸ್ಸು ಆಚೆ ನಿಲ್ಲುತ್ತದೆ, ಕಾಸರಗೋಡಿನ ಖಾಸಗಿ ಬಸ್ಸು ಈಚೆ ನಿಲ್ಲುತ್ತದೆ, ನಡುವೆ ಜನ ಚೀಲ ಹಿಡಿದು ನಡೆಯುತ್ತಾರೆ. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕಾದರೆ ಇಬ್ಬರೂ ಒಪ್ಪಬೇಕು. ಇಬ್ಬರೂ ಒಪ್ಪಿರುವುದು ಎರಡು ಸರ್ಕಾರಿ ಸಾರಿಗೆ ಸಂಸ್ಥೆಗಳ ಬಸ್ಸುಗಳು ಕಾಸರಗೋಡು–ಮಂಗಳೂರು ಓಡುವುದಕ್ಕೆ.

ಮಂಜೇಶ್ವರದ ಮಾರಾಟ ತೆರಿಗೆ ಚೆಕ್‌ಪೋಸ್ಟ್ ಈಗ ನೆನಪು ಮಾತ್ರ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಅಲ್ಲಿ ಲಾರಿಗಳ ಸಾಲು ಕರಗಿತು. ಅಬಕಾರಿಯವರ ಚೆಕ್‌ಪೋಸ್ಟ್ ಉಳಿಯಿತು, ಯಾಕೆಂದರೆ ಮದ್ಯ ಇವತ್ತಿಗೂ ರಾಜ್ಯದ ಕೈಯಲ್ಲೇ ಇದೆ.

2020ರ ಮಾರ್ಚ್ ಕೊನೆಯಲ್ಲಿ ಇದೇ ರಸ್ತೆ ಮುಚ್ಚಿತ್ತು. ಕೊರೊನಾ ಎಂದು ಕರ್ನಾಟಕ ಗಡಿ ಬಂದ್ ಮಾಡಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಊರುಗಳು ನಮ್ಮವು. ಆಂಬುಲೆನ್ಸ್ ದಾಟಲಾಗದೆ ಜೀವ ಹೋದ ಸುದ್ದಿಗಳು ದಿನಾ ಬರುತ್ತಿದ್ದವು. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6, ಹಾಗಾಗಿ ನಮ್ಮ ಜನರ ಆರೋಗ್ಯ ಕಾಪಾಡುತ್ತಿದ್ದೇವೆ ಎಂಬುದು ಒಂದು ವಾದ. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29, ರಾಜ್ಯದಿಂದ ರಾಜ್ಯಕ್ಕೆ ಜನರ ಓಡಾಟ ಮತ್ತು ಕ್ವಾರಂಟೈನ್ ಕೇಂದ್ರ ಪಟ್ಟಿಯ 81, ಹೆದ್ದಾರಿ 23. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಹಿಡಿದದ್ದು ಹೆದ್ದಾರಿಯ ಎಳೆಯನ್ನು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಆದ್ದರಿಂದ ತಡೆ ತೆಗೆಸುವ ಜವಾಬ್ದಾರಿಯೂ ಕೇಂದ್ರದ್ದು ಎಂದು ಅದು ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಕೇಂದ್ರದ ಆರೋಗ್ಯ ಕಾರ್ಯದರ್ಶಿಯ ಜೊತೆ ಎರಡೂ ರಾಜ್ಯಗಳು ಕೂತು, ತುರ್ತು ರೋಗಿಗಳನ್ನು ಬಿಡುವ ಕ್ರಮ ಗೊತ್ತು ಮಾಡಿಕೊಂಡವು. ಆ ವಾರ ನನ್ನ ತಾಯಿಯ ಮಾತ್ರೆಯ ಚೀಟಿ ಮಂಗಳೂರಿನಲ್ಲಿತ್ತು, ತಾಯಿ ಇಲ್ಲಿದ್ದರು. ಅಷ್ಟು ಸಾಕು, ಜಾಸ್ತಿ ಹೇಳುವುದಿಲ್ಲ.

ಈಚೆ ಬದಿಯ ಕೆಲಸ ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರದ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೇರಳದ ಸೇವಾ ಕೇಂದ್ರದಲ್ಲಿ ಶುರುವಾಯಿತು. ಫಾರಂ 27, ಹೊಸ ನಂಬರಿಗೆ. ವಿಳಾಸ ಬದಲಿಗೆ ಫಾರಂ 33. ಹಳೆಯ ಆರ್‌ಸಿಯಲ್ಲಿ ತೊಕ್ಕೊಟ್ಟಿನ ಬಾಡಿಗೆ ಮನೆಯ ವಿಳಾಸ ಇತ್ತು. ಅಲ್ಲಿಂದ ಇಲ್ಲಿಗೆ ಯಾಕೆ ಬಂದೆ ಎಂದು ವಿವರಿಸುವ ಕಾಗದವನ್ನು ಕನ್ನಡದಲ್ಲೇ ಬರೆದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎಂದು 350ನೇ ವಿಧಿ ಹೇಳುತ್ತದೆ. ಅದಲ್ಲದೆ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ಅವಕಾಶ ಉಂಟು. ರಾಜ್ಯದ ಅಧಿಕೃತ ಭಾಷೆ ಯಾವುದು ಎನ್ನುವುದು ವಿಧಾನಸಭೆಗೆ ಬಿಟ್ಟದ್ದು, ಆದರೆ ಅದರ ಕೆಳಗೆ ಸಿಕ್ಕಿಕೊಂಡವರಿಗೆ ಸಂವಿಧಾನ ಸ್ವಲ್ಪ ನೆರಳು ಇಟ್ಟಿದೆ. ಕೌಂಟರಿನಲ್ಲಿದ್ದವರು ಕಾಗದವನ್ನು ಒಮ್ಮೆ ತಿರುಗಿಸಿ ನೋಡಿ, ಪಕ್ಕದ ಮೇಜಿನ ಕನ್ನಡ ಗೊತ್ತಿದ್ದವರಿಗೆ ದಾಟಿಸಿದರು. ಅವರು ಓದಿ ತಲೆಯಾಡಿಸಿದರು.

ತೊಡಕು ಬಂದದ್ದು ತೆರಿಗೆಯಲ್ಲಿ. ಕಾರು ಕೊಂಡಾಗಿನ ಬೆಲೆ ಎಷ್ಟು, ಈಗ ಅದಕ್ಕೆ ಎಷ್ಟು ವರ್ಷ ಎಂದು ನೋಡಿ ಕೇರಳದ ತೆರಿಗೆ ಲೆಕ್ಕ ಹಾಕುತ್ತಾರೆ. ಅದಕ್ಕೆ ಷೋರೂಮಿನ ಮೊದಲಿನ ಬಿಲ್ಲು ಬೇಕು. ಬಿಲ್ಲು ಸಿಕ್ಕಿತು, ಗೋದ್ರೆಜ್ ಕಪಾಟಿನ ಕೆಳಗಿನ ಖಾನೆಯಲ್ಲಿ. ಮೊತ್ತ ನೋಡಿದಾಗ ಬಾಯಿ ಒಣಗಿತು.

"ನಾನು ಕರ್ನಾಟಕದಲ್ಲಿ ಆಗಲೇ ಜೀವಾವಧಿ ತೆರಿಗೆ ಕಟ್ಟಿದ್ದೇನಲ್ಲ ಮೇಡಂ?"

"ಅದು ಅವರಿಗೆ ಕಟ್ಟಿದ್ದು. ಬಾಕಿ ವರ್ಷದ್ದನ್ನು ಅವರ ಹತ್ತಿರ ವಾಪಸ್ ಕೇಳಿ."

"ಅವರು ಕೊಡಬೇಕಾದರೆ ಇಲ್ಲಿ ಕಟ್ಟಿದ ರಶೀದಿ ಬೇಕಂತೆ."

"ಹಾಗಾದರೆ ಮೊದಲು ಇಲ್ಲಿ ಕಟ್ಟಿ ಸಾರ್. ರಶೀದಿ ಕೂಡಲೇ ಸಿಗ್ತದೆ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅದೇ ಬೇಜಾರು. ಜೀವಾವಧಿ ಅಂದರೆ ಗಾಡಿ ಆ ರಾಜ್ಯದಲ್ಲಿ ಇರುವಷ್ಟು ಕಾಲ ಎಂದೇ ಅರ್ಥ. ಗಾಡಿ ಯಾವ ರಾಜ್ಯದ ರಸ್ತೆ ಸವೆಸುತ್ತದೋ ಆ ರಾಜ್ಯಕ್ಕೆ ತೆರಿಗೆ, ಇದರಲ್ಲಿ ನ್ಯಾಯ ಇದೆ. ಒಂದೇ ಕಾರಿಗೆ ಎರಡು ರಾಜ್ಯದ ತೆರಿಗೆ ಒಟ್ಟಿಗೆ ಹೊತ್ತುಕೊಂಡು ನಿಲ್ಲಬೇಕಾದವನು ಮಾತ್ರ ನಡುವಿನ ಮನುಷ್ಯ.

ಆ ಸಾಲಿನಲ್ಲಿ ನಿಂತಿದ್ದ ಒಬ್ಬರು, ಸೇನೆಯಿಂದ ನಿವೃತ್ತರಾದವರಂತೆ ಕಂಡರು, "ದೇಶಕ್ಕೆಲ್ಲ ಒಂದೇ ತೆರಿಗೆ ಮಾಡಿ ಬಿಡಬೇಕು" ಅಂದರು. ಸುತ್ತಲಿನವರೆಲ್ಲ ಹೌದು ಹೌದು ಅಂದರು. ಇದು ಹೊಸ ಮಾತಲ್ಲ. 2018ರಲ್ಲಿ ರಾಜ್ಯಗಳ ಸಾರಿಗೆ ಮಂತ್ರಿಗಳ ಗುಂಪೊಂದು ಇದನ್ನೇ ಹೇಳಿತ್ತು. 10 ಲಕ್ಷದೊಳಗಿನ ಕಾರಿಗೆ ಶೇ 8, 10ರಿಂದ 20 ಲಕ್ಷದ್ದಕ್ಕೆ ಶೇ 10, ಅದರ ಮೇಲಿನದ್ದಕ್ಕೆ ಶೇ 12 ಎಂಬ ಲೆಕ್ಕವನ್ನೂ ಕೊಟ್ಟಿತ್ತು. ಆದರೆ ದರ ಇಳಿಸಬೇಕಾದ ರಾಜ್ಯ ಯಾಕೆ ಒಪ್ಪೀತು? ತೆರಿಗೆ ತಪ್ಪಿಸುವವರ ದಾರಿ ಮುಚ್ಚುತ್ತಿತ್ತು ಎನ್ನುವುದು ನಿಜ. ಕೇರಳದ ಶ್ರೀಮಂತರ ಐಷಾರಾಮಿ ಕಾರುಗಳಿಗೆ ಪುದುಚೇರಿಯ ನಂಬರ್ ಹಾಕಿಸಿಕೊಂಡ ಪ್ರಕರಣಗಳು 2017ರಲ್ಲಿ ಎಷ್ಟು ಸದ್ದು ಮಾಡಿದವು ಎಂದು ಇಲ್ಲಿ ಎಲ್ಲರಿಗೂ ಗೊತ್ತು.

2021ರಲ್ಲಿ ಕೇಂದ್ರ ಬಿಎಚ್ ಸರಣಿಯ ನಂಬರ್ ತಂದಿತು. ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರು ಇವರಿಗೆ. ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಒಳ್ಳೆಯದೇ. ಆದರೆ ಅದರ ತೆರಿಗೆ ದರವನ್ನೂ ಕೇಂದ್ರದ ನಿಯಮದಲ್ಲೇ ಬರೆದಿಟ್ಟರು. 57ನೇ ವಿಷಯ ನಮ್ಮದಲ್ಲವೇ ಎಂಬ ರಾಜ್ಯಗಳ ತಕರಾರು ಅಲ್ಲಿಂದ ಎದ್ದಿತು. ನನ್ನಂಥ ಸಣ್ಣ ಕಂಪನಿಯಲ್ಲಿ ದುಡಿದವನಿಗೆ ಆ ಸರಣಿ ಸಿಗುವುದೂ ಇಲ್ಲ.

ಸಾಲಿನಲ್ಲಿ ನಾನು ಸುಮ್ಮನಿದ್ದೆ. ಮನಸ್ಸಿನಲ್ಲಿ ಮಾತ್ರ ಒಪ್ಪಲಿಲ್ಲ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿರ್ಧರಿಸುವ ದೊಡ್ಡ ತೆರಿಗೆಗಳು ಬೆರಳೆಣಿಕೆಯಷ್ಟು. ಪೆಟ್ರೋಲ್–ಡೀಸೆಲ್, ಮದ್ಯ, ಜಾಗದ ನೋಂದಣಿ, ವಾಹನ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು. ಅಂದರೆ ಕೇಂದ್ರ ಬೇಡ ಎಂದರೆ ಆಗುವುದಿಲ್ಲ. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೆಯದ್ದರಲ್ಲಿ 3.647ಕ್ಕೆ ಇಳಿಯಿತು. ಕೇರಳದ್ದು 2.5ರಿಂದ 1.925ಕ್ಕೆ. ಸೆಸ್, ಸರ್‌ಚಾರ್ಜ್ ಎಂದು ಸಂಗ್ರಹಿಸಿದ್ದನ್ನು ಹಂಚಲೇಬೇಕಿಲ್ಲ. 2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, 8ರಂದು ಕೇರಳದ ಮುಖ್ಯಮಂತ್ರಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತದ್ದು ಇದೇ ಸಂಕಟಕ್ಕೆ. ಗಡಿಯ ವಿಷಯ ಬಂದರೆ ಮುಖ ತಿರುಗಿಸುವ ಎರಡು ರಾಜ್ಯಗಳು ಅಲ್ಲಿ ಒಂದೇ ಪಾಠ ಒಪ್ಪಿಸಿದವು. ಕೇರಳವಂತೂ ಸಾಲದ ಮಿತಿಯ ವಿಷಯದಲ್ಲಿ ಕೇಂದ್ರದ ಮೇಲೆ ಸುಪ್ರೀಂ ಕೋರ್ಟಿನಲ್ಲಿ 131ನೇ ವಿಧಿಯ ದಾವೆಯನ್ನೇ ಹೂಡಿತು. ಹೀಗಿರುವಾಗ ವಾಹನ ತೆರಿಗೆಯನ್ನೂ ದೆಹಲಿಗೆ ಕೊಡಿ ಎಂದರೆ, ಆ ಮೇಡಂಗೆ ಸಂಬಳ ಎಲ್ಲಿಂದ ಬರಬೇಕು?

ನನ್ನ ತಕರಾರು ಬೇರೆ. ಕುಂಬಳೆಯ ಬಟ್ಟೆ ಅಂಗಡಿಯವರು ಮಂಗಳೂರಿನ ಹೋಲ್‌ಸೇಲಿನಿಂದ ಮಾಲು ತರಿಸುತ್ತಾರೆ. ಅದಕ್ಕೆ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ ಬೀಳುತ್ತದೆ. ಬಟ್ಟೆ ಕೊನೆಗೆ ಮಾರಾಟವಾಗುವುದು ಕೇರಳದಲ್ಲಿ, ಹಾಗಾಗಿ ರಾಜ್ಯದ ಪಾಲು ಕೇರಳಕ್ಕೆ ಸೇರಬೇಕು. ಸೇರುತ್ತದೆ. ಕಂಪ್ಯೂಟರು ಕಂಪ್ಯೂಟರಿನ ಜೊತೆ ಮಾತಾಡಿ, ಕೇಂದ್ರ ನಡುವೆ ನಿಂತು, ಸರ್ಕಾರಗಳ ನಡುವೆಯೇ ಲೆಕ್ಕ ಚುಕ್ತಾ ಆಗುತ್ತದೆ. ಅಂಗಡಿಯವರಿಗೆ "ಮೊದಲು ಕೇರಳಕ್ಕೆ ಪೂರ್ತಿ ಕಟ್ಟಿ, ಆಮೇಲೆ ಕರ್ನಾಟಕಕ್ಕೆ ಹೋಗಿ ವಾಪಸ್ ಕೇಳಿ" ಎಂದು ಯಾರೂ ಹೇಳುವುದಿಲ್ಲ. ಕಾರಿಗೆ ಯಾಕೆ ಹಾಗೆ ಮಾಡಬಾರದು? ದರ ರಾಜ್ಯದ್ದೇ ಇರಲಿ, ಅಧಿಕಾರ ರಾಜ್ಯದ್ದೇ ಇರಲಿ. ನಾನು ಕಟ್ಟಿದ್ದು, ನನಗೆ ಬಾಕಿ ಇರುವುದು ಎರಡೂ ಪರಿವಾಹನ್ ಪೋರ್ಟಲಿನಲ್ಲೇ ಇದೆ. ವ್ಯತ್ಯಾಸವನ್ನಷ್ಟೇ ನನ್ನ ಹತ್ತಿರ ತೆಗೆದುಕೊಂಡು, ಉಳಿದದ್ದನ್ನು ಖಜಾನೆಯಿಂದ ಖಜಾನೆಗೆ ದಾಟಿಸಲು ಸಂವಿಧಾನ ಬದಲಿಸಬೇಕು ಎಂದು ನನಗೆ ಅನಿಸುವುದಿಲ್ಲ. ತೆರಿಗೆಯ ತತ್ವ ಹೇಳುವ ಅಧಿಕಾರ 35ನೇ ವಿಷಯದಲ್ಲಿ ಸಂಸತ್ತಿಗೆ ಇದ್ದೇ ಇದೆಯಲ್ಲ. ಎರಡು ಸರ್ಕಾರಗಳ ನಡುವಿನ ಲೆಕ್ಕವನ್ನು ನನ್ನ ಉಳಿತಾಯ ಖಾತೆಯ ಮೂಲಕ ನಡೆಸುವುದು ಯಾವ ತತ್ವವೋ ನಾ ಕಾಣೆ.

ದುಡ್ಡು ಕಟ್ಟಿದೆ. ಚಿಟ್ ಫಂಡಿನಲ್ಲಿದ್ದದ್ದನ್ನು ತೆಗೆಯಬೇಕಾಯಿತು. ಆಮೇಲೆ ಎಲ್ಲ ಸಲೀಸು. ಇನ್‌ಸ್ಪೆಕ್ಟರ್ ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ ನಂಬರ್, ಚಾಸಿಸ್ ನಂಬರ್ ತಾಳೆ ನೋಡಿದರು. ಹಾರ್ನ್ ಒತ್ತಿಸಿದರು. ಹೊಸ ನಂಬರ್ ಬಂತು. ಹೊಸ ಪ್ಲೇಟು ಹಾಕಿಸಿದೆ. ಇನ್ಶೂರೆನ್ಸಿನವರಿಗೆ ತಿಳಿಸಿ ಪಾಲಿಸಿಯಲ್ಲಿ ನಂಬರ್ ತಿದ್ದಿಸಿದೆ, ಫಾಸ್ಟ್ಯಾಗಿನಲ್ಲೂ. ಫಾಸ್ಟ್ಯಾಗ್ ಮರೆತರೆ ಟೋಲಿನಲ್ಲಿ ತಕರಾರು ಬರುತ್ತದೆ ಎಂದು ಅಕ್ಷಯ ಕೇಂದ್ರದ ಹುಡುಗಿ ಮೊದಲೇ ಎಚ್ಚರಿಸಿದ್ದಳು. ಪುಣ್ಯಾತ್ಗಿತ್ತಿ.

ಇನ್ನು ಕರ್ನಾಟಕದ ತೆರಿಗೆ ವಾಪಸ್. ಅದಕ್ಕೆ ಹೊಸ ಆರ್‌ಸಿಯ ಪ್ರತಿ, ಕೇರಳದ ತೆರಿಗೆ ರಶೀದಿ, ಎನ್‌ಒಸಿಯ ಪ್ರತಿ, ಹಳೆಯ ಜೀವಾವಧಿ ತೆರಿಗೆಯ ದಾಖಲೆ, ಬ್ಯಾಂಕ್ ಖಾತೆಯ ವಿವರ. ಎಷ್ಟು ವಾಪಸ್ ಎನ್ನುವುದು ಗಾಡಿಯ ವಯಸ್ಸಿನ ಮೇಲೆ, ಕರ್ನಾಟಕದ ಕಾಯ್ದೆಯ ಪಟ್ಟಿಯ ಪ್ರಕಾರ. ಕೇರಳ ಕಾರಿನ ವಯಸ್ಸು ನೋಡಿ ಕಡಿಮೆ ಮಾಡುವ ಲೆಕ್ಕಕ್ಕೂ ಕರ್ನಾಟಕ ವಯಸ್ಸು ನೋಡಿ ವಾಪಸ್ ಕೊಡುವ ಲೆಕ್ಕಕ್ಕೂ ಸಂಬಂಧ ಇಲ್ಲ. ನನ್ನ ಕೈಯಿಂದ ಹೋದದ್ದು ಜಾಸ್ತಿ, ಬರಬೇಕಾದದ್ದು ಕಡಿಮೆ. ಅರ್ಜಿ ಕೊಡುವುದು ಸುಲಭ, ಬರುವುದು ನಿಧಾನ. ಸರ್ಕಾರದ ಒಳಗೆ ಬಂದ ಹಣ ಹೊರಗೆ ಹೋಗಬೇಕಾದರೆ ಮಂಜೂರಾತಿ, ಬಿಲ್ಲು, ಖಜಾನೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕಟ್ಟುವಾಗ ಇದ್ದ ಆನ್‌ಲೈನ್ ಚುರುಕು ಕೊಡುವಾಗ ಇರುವುದಿಲ್ಲ. ವಿಚಾರಿಸಲು ಹೋದಾಗ ಬಿಲ್ಲು ಖಜಾನೆಗೆ ಹೋಗಿದೆ ಎಂದರು. ಕಚೇರಿಯ ಹೊರಗೆ ಒಬ್ಬ ಏಜೆಂಟ್ "ನಾನು ಮಾಡಿಸಿ ಕೊಡ್ತೇನೆ ಅಣ್ಣಾ" ಎಂದು ಹಿಂದೆ ಬಂದ. ಅವನಿಗೂ ಈ ಎರಡು ಪಟ್ಟಿಗಳ ನಡುವೆಯೇ ಹೊಟ್ಟೆಪಾಡು ಇರುವುದು. ಬೇಡ ಎಂದೆ.

ಈ ಗಡಿಯೇ ಇಲ್ಲದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದು ಮನೆಯಲ್ಲಿ ಚಿಕ್ಕಪ್ಪ ಹೇಳುವುದುಂಟು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು, ಮಂಗಳೂರು ಎರಡೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. 1967ರಲ್ಲಿ ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ ಮಹಾಜನ್ ಆಯೋಗ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಗಡಿ ಬದಲಿಸುವುದು 3ನೇ ವಿಧಿಯ ಪ್ರಕಾರ ಸಂಸತ್ತಿನ ಕೆಲಸ. ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಸಂಸತ್ತು ಅದಕ್ಕೆ ಕೈ ಹಾಕಲಿಲ್ಲ. ಚಿಕ್ಕಪ್ಪನ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿಯ ಮೆರವಣಿಗೆಗಳಲ್ಲಿ ನಡೆದವರು.

ಮೊನ್ನೆ ಪಕ್ಕದ ಮನೆಯ ಮಾಸ್ಟ್ರು ಬಂದಿದ್ದರು. ನಿವೃತ್ತ ಕನ್ನಡ ಅಧ್ಯಾಪಕರು. ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ಅವಳಿಗೆ ಅಲ್ಲೇ ಒಂದು ಕೆಎ ಸ್ಕೂಟರ್ ತೆಗೆಸಿ ಕೊಟ್ಟಿದ್ದಾರೆ. ಅದನ್ನು ಊರಿಗೆ ತಂದು ನಂಬರ್ ಬದಲಿಸಿದರೆ ಹೇಗೆ ಎಂದು ಕೇಳಲು ಬಂದದ್ದು. ಎನ್‌ಒಸಿಯಿಂದ ಹಿಡಿದು ಎಲ್ಲ ಹೇಳಿದೆ. ದಂಡ ಬಾಕಿ ಇದೆಯಾ ಮೊದಲು ನೋಡಿ ಅಂದೆ. ಷೋರೂಮಿನ ಬಿಲ್ಲು ಜೋಪಾನ ಅಂದೆ.

"ಕರ್ನಾಟಕದ ದುಡ್ಡು ವಾಪಸ್ ಬರುವವರೆಗೆ ಇಲ್ಲಿಯವರು ಕಾಯ್ತಾರಾ?"

"ಇಲ್ಲ ಮಾಸ್ಟ್ರೇ."

"ನಿಮ್ಮದು ಬಂತಾ?"

"ಬಿಲ್ಲು ಖಜಾನೆಯಲ್ಲಿ ಉಂಟಂತೆ."

ಅವರು ಸ್ವಲ್ಪ ಯೋಚಿಸಿದರು. ಮಗಳ ಕೋರ್ಸು ಮುಗಿಯಲು ಇನ್ನೂ ವರ್ಷ ಉಂಟು, ಸ್ಕೂಟರ್ ಸದ್ಯಕ್ಕೆ ಅವಳ ಹಾಸ್ಟೆಲಿನಲ್ಲೇ ಇರಲಿ ಅಂದರು. ಹೋಗುವಾಗ ನನ್ನ ಅರ್ಜಿಗಳ ಕಡತ ಕೇಳಿ, ಒಂದೊಂದೇ ಹಾಳೆ ಬಿಡಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡರು.